ಮುಕ್ಕಾಲು ಸೆಕೆಂಡಿನ ಸಾವು

ಕಬ್ಬಿನ ಹಂಗಾಮಿನಲ್ಲಿ ಮಂಡ್ಯ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಕಾಣಸಿಗುವ ದೃಶ್ಯವೊಂದಿದೆ. ಮಿತಿಮೀರಿ ಹೇರಿದ ಟ್ರೇಲರ್ ಹೊಲದ ಕೆಸರಿನಲ್ಲಿ ಹೂತುಹೋಗಿರುತ್ತದೆ. ಇನ್ನೊಂದು ಟ್ರ್ಯಾಕ್ಟರ್ ತಂದು, ಸರಪಳಿ ಬಿಗಿದು ಎಳೆಯಲಾಗುತ್ತದೆ. ಅದರ ಮುಂದಿನ ಚಕ್ರಗಳು ಗಾಳಿಗೆದ್ದಾಗ ನೆರೆದವರು ಶಿಳ್ಳೆ ಹಾಕಿ ಹುರಿದುಂಬಿಸುವುದೂ ಉಂಟು. ಎದ್ದ ಚಕ್ರಗಳು ಒಮ್ಮೊಮ್ಮೆ ನೆಲಕ್ಕೆ ಮರಳುವುದಿಲ್ಲ. ಟ್ರ್ಯಾಕ್ಟರ್ ಹಿಮ್ಮುಖವಾಗಿ ಮಗುಚಿ ಚಾಲಕನ ಮೇಲೆಯೇ ಬೀಳುತ್ತದೆ. ಇಂತಹ ಸಾವಿಗೆ ನಾವು ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ಚಾಲಕನ ಅಜಾಗರೂಕತೆ.

ಈ ಷರಾ ಬರೆಯುವುದು ಸುಲಭ. ಆದರೆ ಅದು ಪೂರ್ಣ ಸತ್ಯವಲ್ಲ.

ಎಂಜಿನ್ನಿನ ಶಕ್ತಿ ಹಿಂಬದಿಯ ಆಕ್ಸಲನ್ನು ತಿರುಗಿಸುತ್ತದೆ. ಚಕ್ರ ಉರುಳಿದರೆ ಟ್ರ್ಯಾಕ್ಟರ್ ಮುಂದೆ ಸಾಗುತ್ತದೆ. ಚಕ್ರ ಕೆಸರಿನಲ್ಲಿ ಸಿಕ್ಕಿದರೆ ಅಥವಾ ಹೊರೆ ಕದಲದೆ ನಿಂತರೆ ಆ ಬಲ ಹೋಗುವುದಾದರೂ ಎಲ್ಲಿಗೆ? ಅದು ಆಕ್ಸಲ್ಲಿನ ಸುತ್ತ ಇಡೀ ಟ್ರ್ಯಾಕ್ಟರನ್ನೇ ಹಿಂದಕ್ಕೆ ತಿರುಗಿಸುತ್ತದೆ. ಸರಪಳಿಯನ್ನು ಎಲ್ಲಿ ಕಟ್ಟಲಾಗಿದೆ ಎಂಬುದು ಇಲ್ಲಿ ನಿರ್ಣಾಯಕ. ಆಕ್ಸಲ್‌ಗಿಂತ ಕೆಳಗಿರುವ ಡ್ರಾಬಾರ್‌ಗೆ ಕಟ್ಟಿದರೆ, ಮೂತಿ ಎದ್ದಂತೆ ಕೊಂಡಿ ಇನ್ನಷ್ಟು ತಗ್ಗಿ ಎಳೆತದ ಸನ್ನೆಬಲ ಕುಗ್ಗುತ್ತದೆ. ಆಕ್ಸಲ್ಲಿಗೋ ಅದಕ್ಕಿಂತ ಮೇಲಿನ ಟಾಪ್ ಲಿಂಕಿಗೋ ಕಟ್ಟಿದರೆ, ಎಳೆಯಬೇಕಾದ ಹೊರೆಯೇ ಟ್ರ್ಯಾಕ್ಟರನ್ನು ಹಿಂದಕ್ಕೆ ಕೆಡವುತ್ತದೆ.

ಹೀಗೆ ಏಳುವ ಟ್ರ್ಯಾಕ್ಟರ್ ಮರಳಿ ಬಾರದ ಹಂತ ತಲುಪಲು ಸುಮಾರು ಮುಕ್ಕಾಲು ಸೆಕೆಂಡು ಸಾಕು; ಒಂದೂವರೆ ಸೆಕೆಂಡಿನಲ್ಲಿ ಅದು ನೆಲಕ್ಕಪ್ಪಳಿಸುತ್ತದೆ. ಅಪಾಯವನ್ನು ಗ್ರಹಿಸಿ, ಕಾಲು ಎತ್ತಿ, ಕ್ಲಚ್ ಒತ್ತುವಷ್ಟರಲ್ಲಿ ಆಗಬೇಕಾದ ಅನಾಹುತ ಆಗಿಹೋಗಿರುತ್ತದೆ. ಎಂತಹ ನುರಿತ ಚಾಲಕನಿಗೂ ಈ ಓಟದಲ್ಲಿ ಗೆಲುವಿಲ್ಲ. ಎಚ್ಚರಿಕೆಯೆಂಬುದು ಎಂಜಿನ್ ಚಾಲೂ ಆಗುವ ಮೊದಲೇ ಮುಗಿದಿರಬೇಕು.

ಅದು ದುಬಾರಿಯ ಮಾತೇನಲ್ಲ. ಸರಪಳಿಯನ್ನು ಡ್ರಾಬಾರ್‌ಗೆ ಮಾತ್ರ ಕಟ್ಟಬೇಕು. ಸಡಿಲ ಸರಪಳಿಯನ್ನು ಜಗ್ಗಿ ಎಳೆಯದೆ, ಮೊದಲು ನಿಧಾನವಾಗಿ ಬಿಗಿಗೊಳಿಸಿ, ಕೆಳ ಗೇರಿನಲ್ಲಿ ಕ್ಲಚ್ಚನ್ನು ಮೆಲ್ಲನೆ ಬಿಡಬೇಕು. ಚಕ್ರ ಹೂತಾಗ ಅದರ ಮುಂದೆ ದಿಮ್ಮಿ ಇಟ್ಟು ನುಗ್ಗಿಸಬಾರದು. ಸಾಧ್ಯವಾದರೆ ಹಿಂದಕ್ಕೆ ತೆಗೆಯಬೇಕು. ಮುಂಭಾಗಕ್ಕೆ ಭಾರ ಕಟ್ಟುವುದು ಸಹಾಯಕವೇ ಹೊರತು ಖಾತರಿಯಲ್ಲ. ಮರದ ಬೊಡ್ಡೆ ಕೀಳಲು ಟ್ರ್ಯಾಕ್ಟರ್ ಸಾಧನವೇ ಅಲ್ಲ.

ಇಷ್ಟಾದರೂ ಮನುಷ್ಯ ತಪ್ಪುತ್ತಾನೆ. ಸಂಜೆ ಕವಿಯುತ್ತಿರುತ್ತದೆ, ಕಾರ್ಖಾನೆಯ ಸರದಿ ತಪ್ಪುವ ಆತಂಕ ಇರುತ್ತದೆ. ಆಗ ಜೀವ ಉಳಿಸುವುದು ಚಾಲಕನ ಸುತ್ತಲಿನ ಉಕ್ಕಿನ ರಕ್ಷಣಾ ಚೌಕಟ್ಟು ಮತ್ತು ಸೀಟ್ ಬೆಲ್ಟ್. ಎರಡೂ ಜೊತೆಗಿರಬೇಕು, ಚೌಕಟ್ಟಿಲ್ಲದ ಟ್ರ್ಯಾಕ್ಟರಿನಲ್ಲಿ ಬೆಲ್ಟ್ ಅಪಾಯಕಾರಿ. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರ್‌ಗಳಿಗೆ ಚೌಕಟ್ಟನ್ನು ಕಡ್ಡಾಯಗೊಳಿಸಿತು. ಮುಂದಿನ ದಶಕಗಳಲ್ಲಿ ಅಲ್ಲಿ ಮಗುಚುವಿಕೆಯ ಸಾವುಗಳು ಬಹುತೇಕ ಇಲ್ಲವಾದವು. ಅಮೆರಿಕದ ತಯಾರಕರು 1985ರಿಂದ ತಾವಾಗಿಯೇ ಬಹುತೇಕ ಹೊಸ ಟ್ರ್ಯಾಕ್ಟರ್‌ಗಳಿಗೆ ಅದನ್ನು ಅಳವಡಿಸುತ್ತ ಬಂದಿದ್ದಾರೆ.

ಭಾರತದಲ್ಲಿ 2020-21ರಿಂದೀಚೆಗೆ ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು ಟ್ರ್ಯಾಕ್ಟರ್‌ಗಳು ಮಾರಾಟವಾಗಿವೆ. ಇಲ್ಲಿ ತಯಾರಾಗಿ ಅಮೆರಿಕಕ್ಕೆ ರಫ್ತಾಗುವ ಟ್ರ್ಯಾಕ್ಟರಿಗೆ ಚೌಕಟ್ಟು ಇರುತ್ತದೆ; ನಮ್ಮ ಹಳ್ಳಿಗಳ ಟ್ರ್ಯಾಕ್ಟರ್‌ಗಳಲ್ಲಿ ಅದು ಅಪರೂಪ. ಹೊರದೇಶದ ರೈತನ ಜೀವಕ್ಕಿರುವ ಬೆಲೆ ನಮ್ಮ ರೈತನ ಜೀವಕ್ಕೆ ಇಲ್ಲವೇ?

ಚೌಕಟ್ಟಿನಿಂದ ಬೆಲೆ ಏರುತ್ತದೆ, ತೋಟದ ತಗ್ಗು ಕೊಂಬೆಗಳಿಗೆ ಅದು ತಾಗುತ್ತದೆ ಎಂಬ ಆಕ್ಷೇಪಗಳಿವೆ. ಎರಡನೆಯದಕ್ಕೆ ಮಡಚಬಲ್ಲ ಚೌಕಟ್ಟು ಉತ್ತರ. ಮೊದಲನೆಯದಕ್ಕೆ ಉತ್ತರ ಸರ್ಕಾರದ ಬಳಿಯಿದೆ. ಕೃಷಿ ಯಾಂತ್ರೀಕರಣಕ್ಕೆ ಸಾರ್ವಜನಿಕ ಹಣದಿಂದ ಸಹಾಯಧನ ಕೊಡುವಾಗ ಚೌಕಟ್ಟು, ಬೆಲ್ಟ್‌ಗಳನ್ನು ಷರತ್ತಾಗಿಸಿ, ಅವುಗಳ ವೆಚ್ಚವನ್ನೂ ಸಹಾಯಧನದಲ್ಲಿ ಸೇರಿಸಲಿ. ಕಬ್ಬು ಒಯ್ಯುವ ವಾಹನಗಳ ಹೊರೆಗೆ ಮಿತಿ ಹಾಕಿ ಪಾಲಿಸುವ ಹೊಣೆಯನ್ನು ಸಕ್ಕರೆ ಕಾರ್ಖಾನೆಗಳೂ ಹೊರಲಿ. ಯಂತ್ರ ಕೊಳ್ಳಲು ರೈತನಿಗೆ ನೆರವಾಗುವ ವ್ಯವಸ್ಥೆಗೆ, ಅದೇ ಯಂತ್ರದಡಿ ಅವನು ಸಾಯದಂತೆ ನೋಡಿಕೊಳ್ಳುವ ಹೊಣೆಯೂ ಇದೆ.