ಕಲಿಕೆಯ ಏಣಿ ಪೋಷಕರಿಗೂ ಕಾಣಲಿ

ಒಂದನೇ ತರಗತಿಗೆ ಸೇರಿ ತಿಂಗಳುಗಳಾದರೂ ಮಗುವಿಗೆ ‘ಅ ಆ ಇ ಈ’ ಬಾರದು ಎಂಬುದು ಸರ್ಕಾರಿ ಶಾಲೆಗಳ ಬಗ್ಗೆ ಪೋಷಕರ ಮಾಮೂಲು ದೂರು. ಆದರೆ ಈ ಶಾಲೆಗಳಲ್ಲಿ ಮಕ್ಕಳು ಕಾರ್ಡುಗಳ ನೆರವಿನಿಂದ ಏಣಿಯ ಮೆಟ್ಟಿಲೇರುವಂತೆ ಹಂತಹಂತವಾಗಿ ಕಲಿಯುವ ನಲಿ–ಕಲಿ ತರಗತಿಯಲ್ಲಿ ಅಕ್ಷರಾಭ್ಯಾಸ ಶುರುವಾಗುವುದೇ ‘ರ ಗ ಸ ದ ಅ’ದಿಂದ. ಈ ಐದೇ ಅಕ್ಷರ ಕಲಿತ ಮಗು ‘ಸರ’, ‘ಅರಸ’, ‘ಗರಗಸ’ ಎಂದು ಪದಗಳನ್ನೇ ಓದಬಲ್ಲದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ಈ ಪದ್ಧತಿ ರಾಜ್ಯದುದ್ದಕ್ಕೂ ಹಬ್ಬಿದರೂ ಅದರ ತರ್ಕ ಬಹಳಷ್ಟು ಮನೆಗಳ ಹೊಸ್ತಿಲು ದಾಟಿದಂತಿಲ್ಲ. ಪಾಠದ ಬಗೆ ತಿಳಿಯದ ಹೆತ್ತವರು ಅನುಮಾನಪಟ್ಟು ಮನೆಪಾಠಕ್ಕೋ ಕಾನ್ವೆಂಟಿಗೋ ಮೊರೆಹೋದರೆ ತಪ್ಪು ಅವರದಲ್ಲ.

ತಿಳಿಸುವುದು ಶಾಲೆಯ ಔದಾರ್ಯವಲ್ಲ, ಕರ್ತವ್ಯ. ಮಗುವಿನ ಹಾಜರಾತಿ, ಕಲಿಕಾ ಸಾಮರ್ಥ್ಯ, ಪ್ರಗತಿಯನ್ನು ಪೋಷಕರ ಸಭೆ ಕರೆದು ನಿಯಮಿತವಾಗಿ ತಿಳಿಸಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. ಹಲವು ತರಗತಿಗಳನ್ನು ಒಟ್ಟಿಗೆ ನಿಭಾಯಿಸುವ ಶಿಕ್ಷಕರಿಗೆ ಇದು ಇನ್ನೊಂದು ಹೊರೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಇದಕ್ಕೆ ಹೊಸ ದಾಖಲೆ ಬೇಕಿಲ್ಲ. ಪ್ರತಿ ಮಗುವಿನ ಕಲಿಕೆಯ ಹಂತ ತೋರುವ ‘ಪ್ರಗತಿ ನೋಟ’ ಪಟ್ಟಿ ತರಗತಿಯ ಗೋಡೆಯ ಮೇಲೇ ಇದೆ, ಬೇಕಿರುವುದು ಅದನ್ನು ಬಿಡಿಸಿ ಹೇಳುವ ಹತ್ತು ನಿಮಿಷ. ಓದು ಬಾರದ ಪೋಷಕರಿಗೆ ಇದೆಲ್ಲ ಅರ್ಥವಾಗದು ಎಂಬ ವಾದವಂತೂ ನಿಲ್ಲುವುದಿಲ್ಲ. ಮಗು ಕಲಿಕೆಯ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂದು ಬೆರಳಿಟ್ಟು ತೋರಿಸಿದರೆ, ಅವರೆದುರೇ ಒಂದು ಕಾರ್ಡು ಓದಿಸಿದರೆ ಸಾಕು. ಕೂಲಿ ತಪ್ಪಿಸಿಕೊಂಡು ಬರಲಾಗದವರಿಗೆ ಸಂಜೆ ಸಭೆ ಇಡಬಹುದು. ಅಂಕಪಟ್ಟಿಗೆ ಸಹಿ ಹಾಕಿಸುವುದಕ್ಕಿಂತ ಮಗು ಕಲಿಯುತ್ತಿರುವ ಬಗೆಯನ್ನು ಕಣ್ಣಾರೆ ಕಾಣಿಸುವುದೇ ಶಾಲೆಯ ಮೇಲಿನ ನಂಬಿಕೆಗೆ ನಿಜವಾದ ಬುನಾದಿ.