ಬೆಟ್ಟದ ಹೆಸರು, ಬೆಳೆಗಾರನ ಪಾಲು

ಬಾಬಾಬುಡನ್‌ಗಿರಿಯ ಇಳಿಜಾರಿನ ಕಾಫಿಗೂ ಕೊಡಗಿನ ಕಾಫಿಗೂ ರುಚಿಯಲ್ಲಿ ಭೇದವುಂಟು. ಮಣ್ಣು, ಎತ್ತರ, ಮಳೆ, ನೆರಳು ಬೀಜದಲ್ಲಿ ತಮ್ಮ ಗುರುತನ್ನು ಉಳಿಸುತ್ತವೆ. ಬಹುಕಾಲ ಈ ಗುರುತಿಗೆ ಬೆಲೆಯಿರಲಿಲ್ಲ. 1942ರ ಕಾಯಿದೆಯಂತೆ ಬೆಳೆಗಾರರ ಕಾಫಿ ಮಂಡಳಿಯ ಸಂಗ್ರಹದಲ್ಲಿ ಬೆರೆಯುತ್ತಿತ್ತು. ಯುದ್ಧಕಾಲದಲ್ಲಿ ಯುರೋಪಿನ ಮಾರುಕಟ್ಟೆ ಕೈತಪ್ಪಿದಾಗ ಆ ಏರ್ಪಾಡೇ ಬೆಳೆಗಾರನನ್ನು ಕಾಪಾಡಿತೆಂಬುದನ್ನೂ ಮರೆಯಲಾಗದು. 1996ರಲ್ಲಿ ಅದು ಕೊನೆಗೊಂಡಿತು. 2019ರಲ್ಲಿ ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗುಗಳ ಅರೇಬಿಕಾ ಕಾಫಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು.

ಬೆಟ್ಟಕ್ಕೆ ಹೆಸರು ಬಂದಿತು. ನಾಲ್ಕೆಕರೆಯ ಬೆಳೆಗಾರನಿಗೆ ಬಂದುದೇನು? ಚೆನ್ನಾಗಿ ಹಣ್ಣಾದುದನ್ನಷ್ಟೇ ಕೊಯ್ದು, ಅಂದೇ ಸಿಪ್ಪೆ ಬಿಡಿಸಿ, ಲೋಳೆ ತೊಳೆದು, ಹದವಾಗಿ ಒಣಗಿಸಿದ ಬೀಜಕ್ಕೆ ಒಳ್ಳೆಯ ಬೆಲೆಯುಂಟು. ಇದಕ್ಕೆ ಪಲ್ಪರ್ ಯಂತ್ರ ಬೇಕು, ಧಾರಾಳ ನೀರು ಬೇಕು, ವಿಶಾಲವಾದ ಕಣ ಬೇಕು. ಇವಿಲ್ಲದವನು ಹಣ್ಣನ್ನು ಹಾಗೆಯೇ ಒಣಗಿಸಿ ವ್ಯಾಪಾರಿಗೆ ಮಾರುತ್ತಾನೆ. ಅಲ್ಲಿ ಹತ್ತು ತೋಟಗಳ ಕಾಫಿ ಒಂದೇ ರಾಶಿಯಾಗುತ್ತದೆ; ಹಳೆಯ ಸಂಗ್ರಹದಲ್ಲಿ ಕಳೆದುಹೋದ ಹೆಸರು ಇಲ್ಲಿಯೂ ಕಳೆಯುತ್ತದೆ. ಹೀಗಿರುವಾಗ ಮನ್ನಣೆಯ ಪತ್ರಕ್ಕಿಂತ ಊರಿಗೊಂದು ಸಾಮೂಹಿಕ ಪಲ್ಪರ್ ಹೆಚ್ಚು ಅಗತ್ಯವಲ್ಲವೇ? ಆಂಧ್ರದ ಅರಕು ಕಣಿವೆಯ ಆದಿವಾಸಿ ಕೃಷಿಕರು ಸಹಕಾರ ಸಂಘದಲ್ಲಿ ಒಂದುಗೂಡಿದರು. 2017ರಲ್ಲಿ ಪ್ಯಾರಿಸ್ ನಗರದಲ್ಲಿ ಅರಕು ಹೆಸರಿನ ಕಾಫಿ ಅಂಗಡಿಯೇ ತೆರೆಯಿತು. ಅವರಲ್ಲಿ ಅನೇಕರದು ಮಲೆನಾಡಿನ ಸಣ್ಣ ಬೆಳೆಗಾರನದಕ್ಕಿಂತಲೂ ಚಿಕ್ಕ ಹಿಡುವಳಿ.