ಓದಿದವರ ಬಾಯಿಮಾತು

ಪುಸ್ತಕವೊಂದನ್ನು ಓದಿ ಮನಸಾರೆ ಮೆಚ್ಚಿದವರು ಅದನ್ನು ಇನ್ನೊಬ್ಬರಿಗೆ ಹೇಳದೆ ಇರಲಾರರು. ಸಾಹಿತ್ಯ ವಿಮರ್ಶೆ ಈ ಮಾತನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಿಮರ್ಶಕ ಕೃತಿಯನ್ನು ಬಿಡಿಸುತ್ತಾನೆ, ತೂಗುತ್ತಾನೆ, ಅದರ ಜೊತೆಗಾರ ಕೃತಿಗಳ ಪಕ್ಕದಲ್ಲಿಟ್ಟು ನೋಡುತ್ತಾನೆ. ಓದುಗ ‘ಭಾಳ ಚಲೋ ಐತ್ರಿ, ಒಮ್ಮೆ ಓದಿ ನೋಡ್ರಿ’ ಎಂದು ಮುಗಿಸುತ್ತಾನೆ. ಹಾಗಿದ್ದರೂ ಕನ್ನಡ ಪುಸ್ತಕಗಳು ಊರಿಂದ ಊರಿಗೆ ದಾಟಿದ್ದು ಬಹುಪಾಲು ಇಂಥ ಮಾತಿನ ಬಲದಿಂದಲೇ. ಈ ಮಾತಿಗೆ ಬೆಲೆ ಎಲ್ಲಿಂದ ಬರುತ್ತದೆ, ಯಾವಾಗ ಆ ಬೆಲೆ ಕೆಡುತ್ತದೆ ಎಂಬುದು ವಿಚಾರಿಸಬೇಕಾದ ಪ್ರಶ್ನೆ. ವಿಜಯಪುರ ಜಿಲ್ಲೆಯ ಓದಿನ ಚರಿತ್ರೆ ಅದಕ್ಕೆ ಸಾಕಷ್ಟು ಸಾಮಗ್ರಿ ಕೊಡುತ್ತದೆ.

ಸಿಂದಗಿ ತಾಲೂಕಿನ ಮೋರಟಗಿಯಂಥ ಹಳ್ಳಿಗಳಲ್ಲಿ ಪುಸ್ತಕದಂಗಡಿ ಎಂದರೆ ಪಠ್ಯಪುಸ್ತಕ, ಗೈಡು, ನೋಟುಬುಕ್ಕುಗಳ ಅಂಗಡಿ. ಕಾದಂಬರಿಯನ್ನೋ ಕವನಸಂಕಲನವನ್ನೋ ಕೈಯಲ್ಲಿ ಹಿಡಿದು ಪುಟ ತಿರುವಿ ಆರಿಸಿಕೊಳ್ಳುವ ಸೌಕರ್ಯ ಅಪರೂಪ. ಇಂಥ ಕಡೆ ಪುಸ್ತಕಕ್ಕಿಂತ ಮೊದಲು ಪುಸ್ತಕದ ಸುದ್ದಿ ಬರುತ್ತದೆ, ಅದೂ ಒಬ್ಬರ ಬಾಯಿಂದ. ಇದು ಹೊಸದೇನೂ ಅಲ್ಲ. ಶ್ರಾವಣ ಮಾಸದಲ್ಲಿ ಮಠದಲ್ಲೋ ಗುಡಿಯಲ್ಲೋ ಪುರಾಣ ಹಚ್ಚುವ ಪದ್ಧತಿ ಈ ಭಾಗದಲ್ಲಿ ಹಳೆಯದು. ಒಬ್ಬರು ಹಾರ್ಮೋನಿಯಂ, ತಬಲಾ ಜೊತೆ ಪದ್ಯ ಹಾಡುತ್ತಾರೆ, ಪುರಾಣಿಕರು ಅದನ್ನು ಬಿಡಿಸಿ ಹೇಳುತ್ತಾರೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮ ಮದ್ದಳೆ ಬಾರಿಸುವ, ಮಾಯೆ ಕುಣಿಯುವ ಪ್ರಸಂಗ ಬಂದಾಗ ಪುರಾಣಿಕ ಕಥೆಯನ್ನು ಹಾಗೇ ಓಡಿಸುವುದಿಲ್ಲ. ಒಂದು ಸಾಲಿನಲ್ಲಿ ನಿಲ್ಲುತ್ತಾನೆ, ಮತ್ತೆ ಹಾಡಿಸುತ್ತಾನೆ, ‘ಎಂಥಾ ಮಾತು ನೋಡ್ರಿ’ ಎನ್ನುತ್ತಾನೆ. ಮರುದಿನ ಹೊಲದಲ್ಲಿ, ಕಟ್ಟೆಯ ಮೇಲೆ ಅದೇ ಪ್ರಸಂಗ ಇನ್ನೊಂದು ಬಾಯಲ್ಲಿ ಬರುತ್ತದೆ. ಅಕ್ಷರ ಬಾರದವರೂ ಕಾವ್ಯವೊಂದನ್ನು ಮೆಚ್ಚಿ ಇನ್ನೊಬ್ಬರಿಗೆ ದಾಟಿಸಲು ಶಕ್ಯವಾದದ್ದು ಹೀಗೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ (1940–2023) ಬೆಳಗಿನ ಪ್ರವಚನಗಳಲ್ಲಿ ಮಾಡುತ್ತಿದ್ದದ್ದೂ ಮೂಲತಃ ಇದನ್ನೇ: ತಾವು ಓದಿ ಸವಿದದ್ದನ್ನು ಆಡುಮಾತಿನಲ್ಲಿ ಹಂಚುವುದು.

ಮೆಚ್ಚುಗೆ ಮಾತಿಗೆ ಮುಗಿಯದೆ ಕೆಲಸವಾದಾಗ ಏನಾಗುತ್ತದೆ ಎಂಬುದಕ್ಕೆ ಫ.ಗು. ಹಳಕಟ್ಟಿಯವರಿಗಿಂತ ದೊಡ್ಡ ಉದಾಹರಣೆ ಸಿಗದು. ಧಾರವಾಡದಲ್ಲಿ ಹುಟ್ಟಿ ಬಿಜಾಪುರದಲ್ಲಿ (ಇಂದಿನ ವಿಜಯಪುರ) ವಕೀಲಿಕೆಗೆ ನಿಂತ ಅವರು ತಾಡೋಲೆಯಲ್ಲಿ ಓದಿದ ವಚನಗಳಿಗೆ ಮಾರುಹೋದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ಶಿವಾನುಭವ ಪತ್ರಿಕೆ. ಮುದ್ರಣದ ಖರ್ಚಿಗೆ ಅವರು ಸ್ವಂತ ಮನೆ ಮಾರಿದರು. ಅವರನ್ನು ಸಂಪಾದಕ, ಸಂಶೋಧಕ ಎಂದು ಕರೆಯುವುದು ವಾಡಿಕೆ, ಅದು ಸರಿಯೂ ಹೌದು. ಆದರೆ ಆ ಎಲ್ಲ ದುಡಿಮೆಯ ಬುಡದಲ್ಲಿದ್ದದ್ದು ಒಬ್ಬ ಓದುಗನ ತಡೆಯಲಾಗದ ಉಮೇದು. ತನಗೆ ದಕ್ಕಿದ್ದು ಮಂದಿಗೂ ದಕ್ಕಬೇಕು ಎಂಬ ಹಟವಿಲ್ಲದಿದ್ದರೆ ವಕೀಲನೊಬ್ಬ ತನ್ನ ಕಕ್ಷಿದಾರರನ್ನು ಬಿಟ್ಟು ಅಚ್ಚಿನ ಮೊಳೆಗಳ ಹಿಂದೆ ಬೀಳುವ ಕಾರಣವಿರಲಿಲ್ಲ.

ಆಗಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಇಂಥದೇ ಉಮೇದು ಗೆಳೆತನದ ರೂಪ ತಳೆಯಿತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರನ್ನು ಕನ್ನಡ ಸಾಹಿತ್ಯ ‘ಹಲಸಂಗಿ ಗೆಳೆಯರು’ ಎಂದು ಒಟ್ಟಾಗಿಯೇ ನೆನೆಯುತ್ತದೆ. ಮಧುರಚೆನ್ನರು ಅರವಿಂದರ ಬರಹಕ್ಕೆ ಒಲಿದದ್ದು ಅವರೊಬ್ಬರಲ್ಲೇ ಉಳಿಯಲಿಲ್ಲ, ಗೆಳೆಯರ ಓದಿಗೂ ಇಳಿಯಿತು. ಇನ್ನೂ ಮುಖ್ಯವಾದದ್ದು 1931ರ ‘ಗರತಿಯ ಹಾಡು’. ಬೀಸುವಾಗ, ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಕಲಿತವರು ಕಾವ್ಯವೆಂದು ಎಣಿಸದಿದ್ದ ಕಾಲವದು. ಆ ಹಾಡುಗಳಿಗೆ ಕವಿಯ ಹೆಸರಿರಲಿಲ್ಲ. ಕೇಳಿ ಮೆಚ್ಚಿದ ಈ ಯುವಕರ ಖಾತ್ರಿ ಅವುಗಳನ್ನು ಅಚ್ಚಿಗೆ ತಂದಿತು. ಜನಪದ ಸಾಹಿತ್ಯದ ಶಾಸ್ತ್ರೀಯ ಅಧ್ಯಯನ ವಿಶ್ವವಿದ್ಯಾಲಯಗಳಲ್ಲಿ ನೆಲೆಗೊಂಡದ್ದು ಎಷ್ಟೋ ವರ್ಷ ತರುವಾಯ. ಮೆಚ್ಚುಗೆ ವಿಮರ್ಶೆಯ ಬಾಲ ಹಿಡಿದು ಬರುತ್ತದೆ ಎನ್ನುವವರು ಇಲ್ಲಿಯ ಕ್ರಮವನ್ನು ಗಮನಿಸಬೇಕು.

ಹೊಗಳಿದ್ದೆಲ್ಲ ಹೀಗೆ ಕೆಲಸ ಮಾಡುವುದಿಲ್ಲ. ‘ಅದ್ಭುತ’, ‘ಮಾಸ್ಟರ್‌ಪೀಸ್’, ‘ಓದಲೇಬೇಕಾದ ಕೃತಿ’ ಎಂಬ ಮಾತುಗಳು ಯಾವ ಪುಸ್ತಕಕ್ಕಾದರೂ ಹೊಂದುತ್ತವೆ, ಆದ್ದರಿಂದ ಯಾವ ಪುಸ್ತಕದ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ರಾವಬಹಾದ್ದೂರರ ‘ಗ್ರಾಮಾಯಣ’ (1957) ಕಾದಂಬರಿಯನ್ನು ಒಬ್ಬರು ಇನ್ನೊಬ್ಬರಿಗೆ ಹೇಳುವ ರೀತಿಯನ್ನೇ ತೆಗೆದುಕೊಳ್ಳಬಹುದು. ಶ್ರೇಷ್ಠ ಕಾದಂಬರಿ ಎಂದರೆ ಕೇಳಿದವರು ತಲೆಯಾಡಿಸಿ ಮರೆಯುತ್ತಾರೆ. ‘ನಮ್ಮ ಕಡೆಯ ಹಳ್ಳೀನ ಅದರಾಗ ನಾಯಕ. ಮಂದಿ ಭಾಳ ಬರ್ತಾರ, ಮೊದಲಿಗೆ ಯಾರು ಯಾರೋ ತಿಳಿಯೂದಿಲ್ಲ, ಒಂದೀಟು ತಾಳ್ರಿ, ಆಮ್ಯಾಲೆ ಪುಸ್ತಕ ಕೆಳಗ ಇಡೂದಿಲ್ಲ’ ಎಂದರೆ ಕೇಳುವವರ ಕಿವಿ ನಿಗುರುತ್ತದೆ. ಇದರಲ್ಲಿ ಮೂರು ಸಂಗತಿಗಳಿವೆ: ಪುಸ್ತಕದೊಳಗಿನ ಒಂದು ನಿಜ, ಒಂದು ಎಚ್ಚರಿಕೆ, ಕೇಳುವವರು ಯಾರೆಂಬ ಅರಿವು. ಕೊನೆಯದನ್ನು ಅಚ್ಚಾದ ವಿಮರ್ಶೆ ಎಂದೂ ಕೊಡಲಾರದು, ಏಕೆಂದರೆ ಅದನ್ನು ಓದುವವರು ಯಾರೆಂದು ಬರೆದವರಿಗೆ ಗೊತ್ತಿರುವುದಿಲ್ಲ. ಎಚ್ಚರಿಕೆಯ ಮಾತಂತೂ ಹೊಗಳಿಕೆಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಮೆಚ್ಚುಗೆಯ ಮಾತಿನಲ್ಲಿ ಜಾಮೀನಿನ ಗುಣವೂ ಇದೆ. ಹಳ್ಳಿಯಲ್ಲಿ ಹೇಳಿದವರು, ಕೇಳಿದವರು ನಾಳೆ ಮತ್ತೆ ಭೇಟಿಯಾಗುವವರು. ಪುಸ್ತಕ ಸಪ್ಪೆಯಾಗಿದ್ದರೆ ‘ಎಂಥಾದ್ದು ಕೊಟ್ರಿ’ ಎಂದು ಕೇಳಿಯೇ ಕೇಳುತ್ತಾರೆ. ಗಳಗನಾಥರು (1869–1942) ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದಾಗ ಅವರ ಮುಖವೇ ಪುಸ್ತಕದ ಜಾಮೀನಾಗಿತ್ತು. 1933ರಲ್ಲಿ ಜಿ.ಬಿ. ಜೋಶಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಇದನ್ನೇ ವ್ಯವಸ್ಥೆಯಾಗಿ ಬೆಳೆಸಿತು. ಚಂದಾದಾರರು ಇನ್ನೂ ಬರದ ಪುಸ್ತಕಕ್ಕೆ ಹಣ ಕೊಡುತ್ತಿದ್ದರು. ಅವರು ನಂಬಿದ್ದು ಆರಿಸುವವರ ರುಚಿಯನ್ನು. ಒಂದೆರಡು ಸಲ ಕೆಟ್ಟ ಪುಸ್ತಕ ಕೊಟ್ಟಿದ್ದರೆ ಆ ನಂಬಿಕೆ ಉಳಿಯುತ್ತಿರಲಿಲ್ಲ.

ಬಾಯಿಮಾತಿಗೆ ತನ್ನವೇ ದೋಷಗಳಿವೆ, ಅವು ಸಣ್ಣವಲ್ಲ. ಪುಸ್ತಕ ಬಿಡುಗಡೆಯ ವೇದಿಕೆಯ ಮೇಲೆ ಶಾಲು ಹೊದಿಸಿಕೊಂಡವರು ಆಡುವ ಹೊಗಳಿಕೆಯಲ್ಲಿ ಎಷ್ಟೋ ಸಲ ಪುಸ್ತಕ ಓದಿದ ಗುರುತೇ ಇರುವುದಿಲ್ಲ. ಜಾತಿ, ಮಠ, ಪಂಥ, ಊರಿನ ಅಭಿಮಾನ ಮೆಚ್ಚುಗೆಯ ವೇಷದಲ್ಲಿ ಬರುತ್ತವೆ. ಒಬ್ಬರು ಮೆಚ್ಚಿದ್ದನ್ನೇ ಎಲ್ಲರೂ ಮೆಚ್ಚುತ್ತ ಹೋದರೆ ಪಕ್ಕದ ಒಳ್ಳೆಯ ಪುಸ್ತಕ ದೂಳು ತಿನ್ನುತ್ತದೆ. ಇಂಥಲ್ಲಿ ವಿಮರ್ಶೆ ಬೇಕೇ ಬೇಕು. ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ ಹುಟ್ಟಿದ ಸಂಶೋಧಕ ಎಂ.ಎಂ. ಕಲಬುರ್ಗಿಯವರು ವಚನಗಳಿಗೆ ಬಾಳನ್ನೇ ಕೊಟ್ಟರೂ ಪಾಠ, ಕಾಲ, ಶಾಸನಗಳ ಒರೆಗೆ ಹಚ್ಚದೆ ಯಾವುದನ್ನೂ ಒಪ್ಪಲಿಲ್ಲ. ಹಳಕಟ್ಟಿಯವರ ಉಮೇದಿಗೂ ಕಲಬುರ್ಗಿಯವರ ಒರೆಗಲ್ಲಿಗೂ ವಿರೋಧವಿಲ್ಲ. ಮೊದಲನೆಯದು ಇಲ್ಲದಿದ್ದರೆ ಎರಡನೆಯದಕ್ಕೆ ಒರೆಯಲು ವಸ್ತುವೇ ಇರುತ್ತಿರಲಿಲ್ಲ.

ವಿಮರ್ಶೆಯೂ ತಪ್ಪದೆ ಇರುವುದಿಲ್ಲ. ತ್ರಿವೇಣಿ, ಎಂ.ಕೆ. ಇಂದಿರಾ ಅವರ ಕಾದಂಬರಿಗಳು ಕೈಯಿಂದ ಕೈಗೆ, ಅಡುಗೆಮನೆಯಿಂದ ಅಡುಗೆಮನೆಗೆ ದಾಟುತ್ತಿದ್ದಾಗ ಗಂಭೀರ ಚರ್ಚೆ ಅವನ್ನು ‘ಜನಪ್ರಿಯ’ ಎಂಬ ಹಣೆಪಟ್ಟಿ ಹಚ್ಚಿ ಬದಿಗಿಟ್ಟಿತ್ತು. ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದ ಮೂಲಕ, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ಆ ಕಥೆಗಳು ಕನ್ನಡದಲ್ಲಿ ಬರತೊಡಗಿ ಆಗಲೇ ಮೂರು ದಶಕ ದಾಟಿತ್ತು. ಪ್ರಶಸ್ತಿ ಒಂದು ಪುಸ್ತಕ ದೊಡ್ಡದೆಂದು ಹೇಳಬಲ್ಲದು. ಅದು ಇಂಥವರಿಗೆ, ಈಗ, ಯಾಕೆ ಬೇಕೆಂದು ಹೇಳಬಲ್ಲವರು ಅದನ್ನು ಮೊದಲೇ ಓದಿದ್ದ ಓದುಗರು ಮಾತ್ರ.

ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಅಲ್ಲಿ ಪುಸ್ತಕ ಒಯ್ದವರ ಹೆಸರು, ದಿನಾಂಕ, ಸಹಿ ದಾಖಲಾಗುತ್ತವೆ. ಓದಿದವರ ಮಾತು ದಾಖಲಾಗುವುದಿಲ್ಲ. ಪುಸ್ತಕ ಮರಳಿಸುವಾಗ ಓದುಗರಿಂದ ಎರಡು ಸಾಲು, ಒಂದು ಮೆಚ್ಚಿದ್ದಕ್ಕೆ, ಒಂದು ಎಚ್ಚರಿಕೆಗೆ, ಬರೆಸಿಕೊಂಡು ಮುಂದಿನವರಿಗೆ ಕಾಣುವಂತೆ ಇಡಲು ಹೆಚ್ಚಿನ ಅನುದಾನವೇನೂ ಬೇಕಿಲ್ಲ. ಗ್ರಂಥಪಾಲಕರು ಒಂದು ನೋಟುಬುಕ್ಕು ತೆರೆದಿಟ್ಟು ಈ ಕೆಲಸ ಆರಂಭಿಸಬಹುದು.